ಓದುವವಳೇ ಪುಸ್ತಕದೊಡತಿ

ಅಕ್ಟೋಬರ್ 8, 2022, ಶನಿವಾರ

ನನ್ನ ನಾಲಿಗೆಗೆ ಬರೆ ಹಾಕಬೇಕು.

ಎಂದಿನಂತೆ ಶನಿವಾರದ ಟೀಗೆ ಸುಮಿಯೆ ಅವರ ಮನೆಗೆ ಹೋಗಿದ್ದೆ. ನಮ್ಮ ಟೌನ್‌ಹೌಸ್ ಸಾಲಿನ ಕೊನೆಯ ಮನೆ ಅವರದು. ಎಂಬತ್ತು ದಾಟಿದ ಜೀವ, ಜಪಾನ್ ಬಿಟ್ಟು ಅಮೆರಿಕಕ್ಕೆ ಬಂದು ಐವತ್ತು ವರ್ಷವಾಗಿದೆ. ಮುಂದಿನ ತಿಂಗಳು ಮನೆ ಮಾರಿ ಶಾರ್ಲಟ್‌ನಲ್ಲಿರುವ ಮಗಳ ಹತ್ತಿರ ಹೋಗುತ್ತಾರೆ. ಸಾಮಾನನ್ನೆಲ್ಲ ಗೊತ್ತಿದ್ದವರಿಗೆ ಹಂಚುತ್ತಿದ್ದಾರೆ. ಹೋದ ವಾರ ಅಟ್ಟದಿಂದ ಒಂದು ಪೆಟ್ಟಿಗೆ ಇಳಿಯಿತು. ಅದರೊಳಗೆ ಅವರ ಮಾವ ತಮ್ಮ ಊರಿನಲ್ಲಿ ಗೆಳೆಯರೊಂದಿಗೆ ಸೇರಿ ನಡೆಸುತ್ತಿದ್ದ ಸಣ್ಣ ಸಾಹಿತ್ಯ ಪತ್ರಿಕೆಯ ಸಂಚಿಕೆಗಳು. ಎರಡನೆಯ ಮಹಾಯುದ್ಧ ಮುಗಿದ ಮರುವರ್ಷಗಳವು. ಯಾವ ಲೈಬ್ರರಿಯಲ್ಲೂ ಇಲ್ಲ, ನಾನು ಹುಡುಕಿ ಸಾಕಾಗಿದ್ದೇನೆ.

ನನ್ನ ಥೀಸಿಸ್ಸಿನ ಕೊನೆಯ ಅಧ್ಯಾಯ ಆ ಪೆಟ್ಟಿಗೆಯಲ್ಲಿದೆ. ವಿಷಯ, ಆಧುನಿಕ ಜಪಾನಿ ಸಾಹಿತ್ಯದಲ್ಲಿ ಆಸ್ತಿ ಮತ್ತು ಒಡೆತನ. ಮನೆಗೆಲ್ಲ ಹಿರಿಯ ಮಗನೇ ಯಜಮಾನನಾಗಿದ್ದ ಕಾಲದ ಕಾದಂಬರಿಗಳ ಬಗ್ಗೆ ಬರೆದಾಯಿತು, ಬಾಡಿಗೆ ಕೋಣೆಗಳಲ್ಲೇ ಬಾಳು ಸವೆಸಿದವರ ಕಥೆಗಳ ಬಗ್ಗೆ ಬರೆದಾಯಿತು. ಉಳಿದದ್ದು ಯುದ್ಧದ ನಂತರದ್ದು. ಸರ್ಕಾರ ಜಮೀನ್ದಾರರ ಗದ್ದೆ ಕೊಂಡು ಗೇಣಿದಾರರಿಗೆ ಮಾರಿತಲ್ಲ, ಆಗ ‘ನನ್ನದು’ ಎನ್ನುವ ಮಾತಿಗೆ ಹಳ್ಳಿಯ ಲೇಖಕರು ಏನರ್ಥ ಕೊಟ್ಟರು ಎನ್ನುವುದು. ಏಪ್ರಿಲ್‌ನೊಳಗೆ ಮುಗಿಸದಿದ್ದರೆ ಡಿಗ್ರಿ ಇಲ್ಲ, ಇನ್ನು ಗಡುವು ಮುಂದೂಡುವುದಿಲ್ಲ ಎಂದು ಪ್ರೊಫೆಸರ್ ನಗುನಗುತ್ತಲೇ ಹೇಳಿದ್ದಾರೆ. ಐವತ್ತರ ಹೊಸ್ತಿಲಲ್ಲಿರುವ ವಿದ್ಯಾರ್ಥಿನಿಯ ಮೇಲೆ ಯಾರಿಗೆ ಎಷ್ಟು ದಿನ ಕನಿಕರ ಇದ್ದೀತು?

ಸುಮಿಯೆ ಅವರು ಪೆಟ್ಟಿಗೆ ತೋರಿಸಿ, “ಇದು ನಿನಗೆ ಬೇಕಾ?” ಎಂದರು.

ನಾನು ಏನಂದೆ? “ಅಯ್ಯೋ, ಬೇಡ ಬೇಡ. ಮನೆತನದ್ದು, ನಾನು ಹೇಗೆ ತಗೊಳ್ಳಲಿ?” ಎಂದು ಇಂಗ್ಲಿಷಿನಲ್ಲಿ ಅಂದೆ, ಎದೆಯ ಮೇಲೆ ಕೈ ಬೇರೆ ಇಟ್ಟುಕೊಂಡೆ. ಮೈಸೂರಿನ ನಮ್ಮ ಮನೆಯಲ್ಲಿ ಮೊದಲ ಬೇಡ ಮರ್ಯಾದೆಗೆ, ಎರಡನೆಯದು ಶಾಸ್ತ್ರಕ್ಕೆ, ಮೂರನೆಯ ಸಲ ಕೇಳಿದಾಗ ಕೈ ಚಾಚುವುದು. ಸುಮಿಯೆ ಅವರು “ಓಕೆ” ಎಂದು ಬಿಸ್ಕತ್ತಿನ ತಟ್ಟೆ ಮುಂದೆ ತಳ್ಳಿದರು.

ಮನೆಗೆ ಬಂದು ಹೇಳಿದರೆ ಇವರು ಲ್ಯಾಬಿನ ಬ್ಯಾಡ್ಜ್ ಕೂಡ ತೆಗೆಯದೆ ನಕ್ಕರು. “ಬೇಕಿದ್ರೆ ಬೇಕು ಅನ್ನೋಕೇನಾಗಿತ್ತು ವಿಜೂ?”

“ನಿಮಗೆ ಗೊತ್ತಾಗಲ್ಲ ಸುಮ್ನಿರಿ. ಅವರು ಇನ್ನೊಂದ್ಸಲ ಕೇಳ್ತಾರೆ.”

“ಈ ದೇಶದಲ್ಲಿ ಐವತ್ತು ವರ್ಷ ಇದ್ದೋರಾ? ಕೇಳಿದ್ರೆ ನನ್ನ ಹೆಸರು ಬದರಿನಾಥ ಅಲ್ಲ.”

ಅಷ್ಟಂದು ಕಾಫಿ ಲೋಟವನ್ನು ನನ್ನ ಡಿಕ್ಷನರಿಯ ಮೇಲಿಟ್ಟರು. ಅದರ ಮೇಲೆ ಯಾರೂ ಏನೂ ಇಡಬಾರದು, ಯಾರೂ ಮುಟ್ಟಬಾರದು. ಬೆಂಗಳೂರಿನಲ್ಲಿ ಜಪಾನಿ ಕಲಿತು ಕಂಪನಿಯಲ್ಲಿ ಅನುವಾದದ ಕೆಲಸಕ್ಕೆ ಸೇರಿದಾಗ ಮೊದಲ ಸಂಬಳದಲ್ಲಿ ಕೊಂಡದ್ದು. ಇವರ ವೀಸಾದ ಬಾಲವಾಗಿ ಇಲ್ಲಿಗೆ ಬಂದ ಮೇಲೆ ಮನೆ ಇವರ ಹೆಸರಿಗೆ, ಕಾರು ಇವರ ಹೆಸರಿಗೆ. ನನಗೆ ಕೆಲಸ ಮಾಡುವ ಹಾಗೂ ಇರಲಿಲ್ಲ. ನನ್ನ ಹೆಸರಿದ್ದದ್ದು ಆ ಡಿಕ್ಷನರಿಯ ಮೊದಲ ಪುಟದಲ್ಲಿ ಮಾತ್ರ. “ಈ ಪುಸ್ತಕ ವಿಜಯಶ್ರೀಯದು. ಕದ್ದವರ ಕೈ ಸೇದಿಹೋಗಲಿ.” ಲೋಟಕ್ಕಾಗಿ ಅರ್ಧ ಗಂಟೆ ಜಗಳವಾಡಿದೆ. ನಿಜವಾಗಿ ಜಗಳ ಲೋಟದ್ದಲ್ಲ.

ಅಕ್ಟೋಬರ್ 15, ಶನಿವಾರ

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಪೆಟ್ಟಿಗೆ ಇದ್ದ ಜಾಗ ಖಾಲಿ. ಹೇಗೆ ಕೇಳುವುದು ಎಂದು ಟೀ ಆರುವವರೆಗೂ ಒದ್ದಾಡಿ, ಕೊನೆಗೆ “ಈ ಮೂಲೆ ಎಷ್ಟು ವಿಶಾಲವಾಗಿ ಕಾಣುತ್ತಿದೆ” ಎಂದೆ. ಸುಮಿಯೆ ಅವರು ಸಂತೋಷದಿಂದ, “ಫಲಕ್ ತಗೊಂಡು ಹೋದಳು” ಎಂದರು.

ಫಲಕ್! ನಮ್ಮಿಂದ ಎರಡು ಮನೆ ಆಚೆಗಿನ ಖುದ್ದೂಸ್ ಅವರ ಮಗಳು. ಹೈಸ್ಕೂಲಿನ ಕೊನೆಯ ವರ್ಷ. ಜಪಾನಿ ಕಾಮಿಕ್ಸ್ ಓದುತ್ತಾಳೆ, ಸ್ಕೂಲಿನಲ್ಲಿ ಜಪಾನಿ ಕ್ಲಾಸ್ ತೆಗೆದುಕೊಂಡಿದ್ದಾಳೆ, ಕೂದಲ ತುದಿಗೆ ನೀಲಿ ಬಣ್ಣ ಹಾಕಿದ್ದಾಳೆ. ಎಪ್ಪತ್ತೈದು ವರ್ಷದ ಹಳೆಯ ಗದ್ಯ ಅವಳಿಗೆ ಒಂದು ಸಾಲೂ ದಕ್ಕುವುದಿಲ್ಲ. ಮಂಗನ ಕೈಗೆ ಮಾಣಿಕ್ಯ ಕೊಟ್ಟ ಹಾಗಾಯಿತು.

ಅಕ್ಟೋಬರ್ 16, ಭಾನುವಾರ

ಹೊಟ್ಟೆಯುರಿ ಇನ್ನೂ ಆರಿಲ್ಲ. ನಮ್ಮ ಕರ್ನಾಟಕದಲ್ಲಿ ಉಳುವವನೇ ಹೊಲದೊಡೆಯ ಎಂದು ಕಾನೂನೇ ಬಂತಲ್ಲ. ಹಾಗಾದರೆ ಓದುವವಳೇ ಪುಸ್ತಕದೊಡತಿ ಆಗಬೇಡವೇ? ಓದಬಲ್ಲವಳು ನಾನು. ಇವರಿಗೆ ಹೇಳಿದೆ. ಇವರು ಮುಷ್ಟಿ ಎತ್ತಿ “ಓದುವವಳೇ ಪುಸ್ತಕದೊಡತಿ! ಜೈ!” ಎಂದು ಅಡುಗೆಮನೆಯೆಲ್ಲ ಮೆರವಣಿಗೆ ಮಾಡಿದರು. ಒಗ್ಗರಣೆ ಹೊತ್ತಿಹೋಯಿತು.

ಅಕ್ಟೋಬರ್ 23, ಭಾನುವಾರ

ನಾಳೆ ಹಬ್ಬ. ಕೊಬ್ಬರಿ ಮಿಠಾಯಿಯ ಡಬ್ಬಿ ನೆಪ ಮಾಡಿಕೊಂಡು ಖುದ್ದೂಸ್ ಮನೆಯ ಬೆಲ್ ಒತ್ತಿದೆ. ಫಲಕ್‌ಳ ತಾಯಿ ಫಖ್ರುನ್ನೀಸಾ ಬಾಗಿಲು ತೆಗೆದರು. ಶಿವಾಜಿನಗರದವರು. ಇಲ್ಲಿಗೆ ಬಂದು ಹನ್ನೆರಡು ವರ್ಷವಾದರೂ ಮಾತಿನಲ್ಲಿ ಬೆಂಗಳೂರು ಇನ್ನೂ ಬಿಸಿಯಾಗಿದೆ.

“ಬನ್ನಿ ಬನ್ನಿ! ಟೀ ಕುಡೀತೀರಾ ಅಂತ ಕೇಳಲ್ಲ. ನೀವು ಬೇಡ ಅಂತೀರ ಅಂತ ಗೊತ್ತು. ಅದಕ್ಕೇ ಇಟ್ಬಿಟ್ಟೆ.”

ಇಂಥವರ ಕೈಯಲ್ಲಿ ಆ ಪೆಟ್ಟಿಗೆ ಇದ್ದಿದ್ದರೆ!

ಫಲಕ್ ಮಹಡಿಯಿಂದ ಇಳಿದು ಬಂದಳು. ನಾನು ಮೂರು ಸುತ್ತು ಸುತ್ತಿ, ಥೀಸಿಸ್ ಎಂದೆ, ಏಪ್ರಿಲ್ ಎಂದೆ, ಕೆಲವು ದಿನದ ಮಟ್ಟಿಗೆ ಕೊಟ್ಟರೆ ಎಂದೆ. ಹುಡುಗಿ ನೇರವಾಗಿ, “ಸಾರಿ ಆಂಟಿ, ನಾನು ಬುಕ್ಸ್ ಲೆಂಡ್ ಮಾಡಲ್ಲ. ಯು ಕ್ಯಾನ್ ಕಮ್ ಹಿಯರ್ ಅಂಡ್ ರೀಡ್. ಎನಿಟೈಮ್” ಎಂದಳು.

ಫಖ್ರುನ್ನೀಸಾ “ಏಯ್ ಫಲಕ್!” ಎಂದು ಗದರಿದರು. ಪುಸ್ತಕ ಕೇಳಿದವರಿಗೆಲ್ಲ ಮೂವತ್ತು ವರ್ಷದಿಂದ ನಾನು ಹೇಳಿಕೊಂಡು ಬಂದ ಮಾತು ಅದು. ‘ಮನೆಗೇ ಬಂದು ಓದಿ.’

ಮೇಲೆ ಕರೆದುಕೊಂಡು ಹೋಗಿ ತೋರಿಸಿದಳು. ಸಂಚಿಕೆಗಳನ್ನು ವರ್ಷದ ಪ್ರಕಾರ ಜೋಡಿಸಿ, ನಡುನಡುವೆ ತೆಳು ಕಾಗದ ಇಟ್ಟಿದ್ದಾಳೆ. ಪ್ರತಿ ಸಂಚಿಕೆಯ ಮೊದಲ ಪುಟದಲ್ಲಿ ಕೆಂಪು ಮೊಹರು. ಮೇಲೆ ಮಾವನದು, ಅದರ ಕೆಳಗೆ ಗಂಡನದು, ಅದರ ಕೆಳಗೆ ಸುಮಿಯೆ ಅವರದು. ಜಪಾನಿನಲ್ಲಿ ಹಳೆಯ ಪುಸ್ತಕಗಳಿಗೆ ಹೀಗೆ ಒಡೆಯರ ಮೊಹರು ಸಾಲಾಗಿ ಬೀಳುತ್ತವೆ, ಹಿಂದಿನವರದನ್ನು ಯಾರೂ ಅಳಿಸುವುದಿಲ್ಲ. ಅವುಗಳ ಕೆಳಗೆ ಹೊಸದೊಂದು ವಕ್ರ ಮೊಹರು! ಹುಡುಗಿ ರಬ್ಬರನ್ನು ಕೊರೆದು ತನ್ನದೂ ಒಂದು ಮಾಡಿ ಒತ್ತಿಬಿಟ್ಟಿದ್ದಾಳೆ.

ಫೋನಿನಲ್ಲಿ ಫೋಟೋ ತೆಗೆದೆ, ಅವಳು ಬೇಡ ಅನ್ನಲಿಲ್ಲ. ಆದರೆ ಆ ಕಾಲದ ಕಳಪೆ ಕಾಗದ, ಈ ಪುಟದ ಶಾಯಿ ಆ ಪುಟಕ್ಕೆ ಹಾದಿದೆ. ಫೋಟೋದಲ್ಲಿ ಏನೂ ಓದಲಾಗುವುದಿಲ್ಲ. ಬೆಳಕಿಗೆ ಹಿಡಿದು, ಪುಟ ಓರೆ ಮಾಡಿ ಓದಬೇಕು. ಅಂದರೆ ಅವಳ ಮನೆಯಲ್ಲಿ, ಅವಳ ಮೇಜಿನ ಮೇಲೆ, ಅವಳ ಕಣ್ಣೆದುರು. ಹಣೆಬರಹ.

ನವೆಂಬರ್ 13, ಭಾನುವಾರ

ಮೂರನೆಯ ಭಾನುವಾರ ಇದು. ಸುಮಿಯೆ ಅವರು ಹೋದ ವಾರವೇ ಶಾರ್ಲಟ್‌ಗೆ ಹೊರಟುಹೋದರು. ಬಾಗಿಲಲ್ಲಿ ನನ್ನ ಕೈ ಹಿಡಿದು ಏನೋ ಹೇಳಲು ಬಂದವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ನಿನ್ನೆಯ ಶನಿವಾರ ಬಿಕೋ ಅಂದಿತು.

ಫಲಕ್ ಪಕ್ಕದಲ್ಲೇ ಕೂರುತ್ತಾಳೆ. ಕಾವಲಿಗೆ ಅಂದುಕೊಂಡಿದ್ದೆ. ಅಲ್ಲ, ಕಲಿಯಲಿಕ್ಕೆ. ಸಾಲಿನ ಕೆಳಗೆ ಬೆರಳಿಟ್ಟು “ಆಂಟಿ, ಇದು ಏನು? ಇದು?” ಎಂದು ಪ್ರಾಣ ತಿನ್ನುತ್ತಾಳೆ. ಅರ್ಧ ಪುಟಕ್ಕೆ ಒಂದು ಗಂಟೆ. ಫೋನಿನ ಡಿಕ್ಷನರಿ ಹಳೆಯ ಲಿಪಿಗೆ ತಬ್ಬಿಬ್ಬಾಗುತ್ತದೆ. ಇವತ್ತು ತಡೆಯಲಾರದೆ ನನ್ನ ಡಿಕ್ಷನರಿಯನ್ನೇ ಹೊತ್ತುಕೊಂಡು ಹೋದೆ. ಕೈ ತೊಳೆದು ಮುಟ್ಟು ಎಂದೆ. ನಿಜವಾಗಿಯೂ ಹೋಗಿ ಸೋಪು ಹಾಕಿ ತೊಳೆದುಕೊಂಡು ಬಂದಳು. ಮೊದಲ ಪುಟದ ಕನ್ನಡವನ್ನು ಕೂಡಿಸಿಕೂಡಿಸಿ ಓದಿ, “ಕೈ ಸೇದಿ... ವಾಟ್ ಹ್ಯಾಪನ್ಸ್ ಟು ದ ಹ್ಯಾಂಡ್, ಆಂಟಿ?” ಎಂದು ಕೇಳಿದಳು. ಹೇಳಿದ ಮೇಲೆ ಬಿದ್ದು ಬಿದ್ದು ನಕ್ಕಳು.

ಫಖ್ರುನ್ನೀಸಾ ಹೊಸ ಬಾಣಲೆ ತಂದಿದ್ದಾರೆ. “ಇದ್ರಲ್ಲಿ ನಮ್ಮ ಮಾಂಸ ಗೀಂಸ ಮಾಡಲ್ಲ. ಇದು ನಿಮ್ಮ ಬಾಣಲೆ ವಿಜಯಕ್ಕ, ಇಲ್ಲೇ ಇರುತ್ತೆ” ಎಂದು ಅದರಲ್ಲಿ ಈರುಳ್ಳಿ ಬಜ್ಜಿ ಕರಿದು ಕೊಟ್ಟರು. ನನ್ನ ಮನೆಯಲ್ಲಿಲ್ಲದ ನನ್ನ ಬಾಣಲೆ. ಎಂಟು ಬಜ್ಜಿ ತಿಂದೆ.

ಡಿಸೆಂಬರ್ 4, ಭಾನುವಾರ

ಕಥೆ ಸಿಕ್ಕಿತು! ಸುಮಿಯೆ ಅವರ ಮಾವನೇ ಬರೆದದ್ದು. ನನ್ನ ಅಧ್ಯಾಯಕ್ಕೆ ಹೇಳಿ ಬರೆಸಿದ ಹಾಗಿದೆ.

ಒಬ್ಬ ಜಮೀನ್ದಾರನ ವಿಧವೆ. ಹೊಸ ಕಾನೂನಿನಲ್ಲಿ ಅವಳ ಗದ್ದೆ ಗೇಣಿದಾರನದಾಗುತ್ತದೆ. ಬದುವಿನ ಮೇಲೊಂದು ಪರ್ಸಿಮನ್ ಹಣ್ಣಿನ ಮರ, ಗದ್ದೆಯ ಜೊತೆ ಅದೂ ಅವನಿಗೆ. ಮೊದಲ ಸುಗ್ಗಿಯಲ್ಲಿ ಅವನು ಬುಟ್ಟಿ ತುಂಬ ಹಣ್ಣು ತಂದು ಅವಳ ಬಾಗಿಲಲ್ಲಿ ನಿಲ್ಲುತ್ತಾನೆ. “ನಿಮ್ಮ ಮರದ ಹಣ್ಣು, ನನಗೆ ಬೇಡ” ಅನ್ನುತ್ತಾಳೆ. ಅವನು ಬಾಗಿ ನಮಸ್ಕರಿಸಿ ಬುಟ್ಟಿ ಹೊತ್ತುಕೊಂಡು ವಾಪಸಾಗುತ್ತಾನೆ. ಮತ್ತೆ ತರುವುದಿಲ್ಲ. ಆದರೆ ಪ್ರತಿ ವರ್ಷ ಅವಳ ಕಿಟಕಿಯ ಕಡೆಗಿನ ಕೊಂಬೆಯ ಹಣ್ಣನ್ನು ಕೀಳದೆ ಬಿಡುತ್ತಾನೆ. ಅವಳು ಕಿಟಕಿಯಿಂದ ನೋಡುತ್ತಾಳೆ. ಹಕ್ಕಿಗಳು ತಿಂದುಹೋಗುತ್ತವೆ. ಅಷ್ಟೇ ಕಥೆ.

“ನೋಡಿದೆಯಾ, ಕಾನೂನು ಗದ್ದೆ ಕಿತ್ತುಕೊಂಡಿತು, ಅವಳ ಠೇಂಕಾರ ಕಿತ್ತುಕೊಳ್ಳಲಾಗಲಿಲ್ಲ” ಎಂದು ನಾನು ದೊಡ್ಡದಾಗಿ ಪಾಠ ಮಾಡಿದೆ.

ಫಲಕ್ ಪೆನ್ಸಿಲ್ ಕಚ್ಚುತ್ತಾ, “ನೋ ಆಂಟಿ. ಅವಳಿಗೆ ಬೇಕಿತ್ತು. ಅವನು ಇನ್ನೊಂದ್ಸಲ ಕೇಳ್ಬೇಕಿತ್ತು” ಎಂದಳು.

“ಬೇಡ ಅಂದಳಲ್ಲೇ.”

“ಸೋ? ಅಮ್ಮಿ ಆಗಿದ್ರೆ ಬುಟ್ಟಿ ಬಾಗಿಲಲ್ಲಿ ಇಟ್ಟು ಓಡಿ ಬರ್ತಾ ಇದ್ರು.”

ನನಗೆ ಥಟ್ಟನೆ ಅಜ್ಜಿಯ ನೆನಪಾಯಿತು. ಮಂಡ್ಯದ ಕಡೆ ನಮ್ಮ ಗದ್ದೆ ಗೇಣಿದಾರ ತ್ಯಾಗರಾಜನಿಗೆ ಹೋದ ಮೇಲೂ ಅವನು ಸಂಕ್ರಾಂತಿಗೆ ಹೊಸ ಅಕ್ಕಿಯ ಮೂಟೆ ತರುತ್ತಿದ್ದನಂತೆ. ಅಜ್ಜಿ “ಬೇಡ ಕಣಪ್ಪಾ, ಈಗ ಅದು ನಿಂದು” ಅಂದಷ್ಟೂ ಅವನು “ಇರಲಿ ತಾಯಿ” ಎಂದು ಪಡಸಾಲೆಯಲ್ಲಿ ಇಳಿಸಿಯೇ ಹೋಗುತ್ತಿದ್ದನಂತೆ. ನಮ್ಮ ಮನೆಯವರು ಅದನ್ನು ಪ್ರೀತಿ ಅಂದುಕೊಂಡರು. ಅವನಿಗೆ ಅದು ಏನಾಗಿತ್ತೋ ನಾವು ಯಾರೂ ಕೇಳಲಿಲ್ಲ. ಹಳೆಯ ಹೆದರಿಕೆಯೂ ಇದ್ದೀತು. ‘ಈಗ ಕೊಡುವವನು ನಾನು’ ಎನ್ನುವ ಹೆಮ್ಮೆಯೂ ಇದ್ದೀತು. ಜಪಾನಿನ ಆ ರೈತ ಒಂದೇ ಬೇಡಕ್ಕೆ ವಾಪಸಾದ. ಅವಳ ಮಾತನ್ನು ಅವಳದೇ ಎಂದು ಒಪ್ಪಿಕೊಂಡ. ಅದು ಮರ್ಯಾದೆ. ಆದರೆ ಹಣ್ಣು ಹಕ್ಕಿಗೆ ಹೋಯಿತು.

ಅಧ್ಯಾಯದ ಮೊದಲ ವಾಕ್ಯ ಅಲ್ಲೇ ಅವಳ ಮೇಜಿನ ಮೇಲೆ ಬರೆದೆ. ಇಬ್ಬರ ನಡುವೆ ಕೀಳದೆ ಉಳಿದ ಆ ಕೊಂಬೆ ಯಾರದು? ಕಾನೂನಿಗೆ ಗೊತ್ತು. ಕಥೆಗೆ ಗೊತ್ತಿಲ್ಲ, ಅದಕ್ಕೇ ಅದು ಕಥೆ.

ಡಿಸೆಂಬರ್ 10, ಶನಿವಾರ

ಸುಮಿಯೆ ಅವರಿಗೆ ಫೋನ್ ಮಾಡಿದೆ. ಮಾವನ ಕಥೆ ಸಿಕ್ಕಿತು ಎಂದು ಹೇಳಲಿಕ್ಕೆ. ಹೇಳುತ್ತಾ ಹೇಳುತ್ತಾ ಬಾಯಿ ತಪ್ಪಿ, “ಅವತ್ತು ನನಗೆ ಆ ಪೆಟ್ಟಿಗೆ ತುಂಬಾ ಬೇಕಿತ್ತು” ಎಂದುಬಿಟ್ಟೆ.

ಆ ಕಡೆಯಿಂದ ನಗು. ಎಂಬತ್ತು ದಾಟಿದವರು ಹಾಗೆ ನಗುವುದನ್ನು ನಾನು ಕೇಳಿರಲಿಲ್ಲ.

“ನಾನು ಈ ದೇಶಕ್ಕೆ ಬಂದ ಹೊಸದರಲ್ಲಿ,” ಎಂದರು, “ಊಟಕ್ಕೆ ಕರೆದ ಕಡೆಯಲ್ಲೆಲ್ಲ ಬೇಡ ಅಂದು ಹಸಿದುಕೊಂಡು ಮನೆಗೆ ಬರುತ್ತಿದ್ದೆ. ಯಾರೂ ಎರಡನೆಯ ಸಲ ಕೇಳುತ್ತಿರಲಿಲ್ಲ. ಕೊನೆಗೆ ನಾನೂ ಅವರ ಹಾಗೆ ಕಲಿತೆ. ನೀನೂ ಕಲಿತಿದ್ದೀಯ ಅಂದುಕೊಂಡೆ. ಆದರೂ ವಾರವಿಡೀ ಕಾದೆ ವಿಜಯಾ. ನೀನು ಬಂದು ಕೇಳುತ್ತೀಯ ಅಂತ. ಆ ಹುಡುಗಿ ಬಂದು ನನಗೆ ಬೇಕು ಅಂದಳು. ಕೊಟ್ಟೆ.”

ಅವರು ಕಾದರಂತೆ, ನಾನೂ ಕಾದೆ. ಇಬ್ಬರೂ ಎಂಥ ಮರ್ಯಾದಸ್ಥರು! ಫೋನಿಟ್ಟ ಮೇಲೆ ಅತ್ತೆ. ಪೆಟ್ಟಿಗೆಗಾಗಿ ಅಲ್ಲ. ಆ ಬಾಗಿಲಲ್ಲಿ ಅವರು ನನ್ನ ಕೈ ಹಿಡಿದು ಸುಮ್ಮನೆ ನಿಂತರಲ್ಲ, ಅದಕ್ಕೆ.

ಫೆಬ್ರವರಿ 2, 2023, ಗುರುವಾರ

ಬರೆಯುತ್ತಿದ್ದೇನೆ. ಸೊಂಟ ನೋವು. ಇವರೇ ಉಪ್ಪಿಟ್ಟು ಮಾಡುತ್ತಿದ್ದಾರೆ, ದಿನಾ ಗಂಟು.

ಮಾರ್ಚ್ 7, ಮಂಗಳವಾರ

ಒಂದು ಪದಕ್ಕೆ ಡಿಕ್ಷನರಿ ಬೇಕಾಗಿ ಮನೆಯೆಲ್ಲ ಹುಡುಕಿದೆ. ಆಮೇಲೆ ನೆನಪಾಯಿತು, ಫಲಕ್ ಹತ್ತಿರ ಇದೆ. ಒಂದು ತಿಂಗಳಾಯಿತೇನೋ. ಇರಲಿ, ಅವಳಿಗೆ ಪರೀಕ್ಷೆ ಇದೆ. ಪದ ಅಂದಾಜಿನಲ್ಲೇ ಬಿಡಿಸಿಕೊಂಡೆ.

ಇವರು ಯಾಕೋ ನನ್ನ ಮುಖವನ್ನೇ ನೋಡುತ್ತಿದ್ದರು. ಏನು ಎಂದರೆ, ಏನಿಲ್ಲ ಎಂದರು.

ಏಪ್ರಿಲ್ 22, ಶನಿವಾರ

ಮುಗಿಯಿತು! ಮಂಗಳವಾರ ಕಮಿಟಿಯವರು ಎರಡು ಗಂಟೆ ಕುಟ್ಟಿ ಪುಡಿ ಮಾಡಿ, ಕೊನೆಗೆ ಕೈ ಕುಲುಕಿದರು. ಕೊನೆಯ ಅಧ್ಯಾಯವೇ ಎಲ್ಲಕ್ಕಿಂತ ಚೆನ್ನಾಗಿದೆ ಎಂದರು. ಅಡಿಟಿಪ್ಪಣಿಯಲ್ಲಿ ‘ಈ ಓದನ್ನು ಸೂಚಿಸಿದವರು ಫಲಕ್’ ಎಂದಿದೆ. ಈಕೆ ಯಾವ ಯೂನಿವರ್ಸಿಟಿಯವರು ಎಂದು ಒಬ್ಬರು ಕೇಳಿದರು. ಇನ್ನೂ ಹೈಸ್ಕೂಲು ಎಂದೆ.

ಈದ್ ನಿನ್ನೆ ಆಯಿತು. ಇವತ್ತು ಫಖ್ರುನ್ನೀಸಾ ಒಂದು ದೊಡ್ಡ ಪಾತ್ರೆ ಶಾವಿಗೆಯ ಶೀರ್ ಖುರ್ಮಾ ತಂದು, “ಡಾಕ್ಟರ್ ವಿಜಯಕ್ಕಂಗೆ” ಎಂದರು. ನಾನು ಬೇಡ ಅನ್ನುವುದಕ್ಕೆ ಮೊದಲೇ ಇವರು ಲೋಟ ಹಿಡಿದು ನಿಂತಿದ್ದರು.

ಫಲಕ್‌ಗೆ ಅಟ್ಲಾಂಟಾದ ಕಾಲೇಜಿನಲ್ಲಿ ಸೀಟು ಸಿಕ್ಕಿದೆಯಂತೆ. ಜಪಾನಿಯನ್ನೇ ಓದುತ್ತಾಳಂತೆ. ಖುದ್ದೂಸ್ ಅವರು “ಕಂಪ್ಯೂಟರ್ ಸೈನ್ಸೂ ಜೊತೆಗೆ” ಎಂದು ಮೂರು ಸಲ ಹೇಳಿದರು. ಒಳ್ಳೆಯದಾಯಿತು. ಅಟ್ಲಾಂಟಾ ಅಷ್ಟೇನೂ ದೂರವಲ್ಲ. ಹತ್ತು ಗಂಟೆಯ ದಾರಿ.

ಆಗಸ್ಟ್ 12, ಶನಿವಾರ

ಬೆಳಿಗ್ಗೆ ಖುದ್ದೂಸ್ ಅವರ ವ್ಯಾನು ಹೊರಟು ನಿಂತಿತ್ತು. ದಿಂಬು, ಲ್ಯಾಂಪು, ಪ್ರೆಷರ್ ಕುಕ್ಕರ್, ಎಲ್ಲದರ ಮೇಲೆ ಫಖ್ರುನ್ನೀಸಾ. ಫಲಕ್ ಆ ಪೆಟ್ಟಿಗೆಯನ್ನು ತಬ್ಬಿಕೊಂಡು ನಮ್ಮ ಮೆಟ್ಟಿಲು ಹತ್ತಿ ಬಂದಳು. ನೀಲಿ ಹೋಗಿ ಕೂದಲ ತುದಿ ಈಗ ಹಸಿರಾಗಿದೆ.

“ಆಂಟಿ, ಇದು ನಿಮಗೆ. ಡಾರ್ಮಲ್ಲಿ ಜಾಗ ಇಲ್ಲ. ಅಂಡ್ ಇಟ್ಸ್ ಯುವರ್ಸ್, ರಿಯಲಿ.”

ನನಗೆ ಬೇಡವಾಗಿತ್ತು. ಎಷ್ಟು ಯೋಚಿಸಿದರೂ ಬೇಡವೇ. ಅದರಲ್ಲಿರುವುದೆಲ್ಲ ಓದಿಯಾಗಿದೆ, ಅವಳಿಗೆ ಇನ್ನೂ ಓದುವುದಿದೆ. “ಬೇಡ ಕಣೇ. ನಿನ್ನದು, ತಗೊಂಡು ಹೋಗು” ಎಂದೆ.

“ಪ್ಲೀಸ್ ಆಂಟಿ.”

“ಬೇಡ ಪುಟ್ಟಿ. ನಿಜವಾಗ್ಲೂ ಬೇಡ.”

“ಆಂಟಿ, ಲಾಸ್ಟ್ ಟೈಮ್ ಕೇಳ್ತಿದೀನಿ. ಆರ್ ಯು ಶೂರ್?”

“ಬೇಡ ಅಂದ್ರೆ ಬೇಡ!” ದೇವರಾಣೆ, ಹುಟ್ಟಿದಾಗಿನಿಂದ ನಾನು ಇಷ್ಟು ಪ್ರಾಮಾಣಿಕವಾಗಿ ಬೇಡ ಅಂದದ್ದಿಲ್ಲ. ವ್ಯಾನಿನ ಕಿಟಕಿಯಿಂದ ಫಖ್ರುನ್ನೀಸಾ ಕೂಗಿದರು, “ಫಲಕ್, ಅವ್ರನ್ನೇನು ಕೇಳೋದು! ಇಟ್ಟು ಓಡಿ ಬಾ!”

ಹುಡುಗಿ ಪೆಟ್ಟಿಗೆಯನ್ನು ಮೆಟ್ಟಿಲ ಮೇಲಿಟ್ಟು, ನನ್ನನ್ನು ಗಟ್ಟಿಯಾಗಿ ಅಪ್ಪಿಕೊಂಡು, ನಿಜವಾಗಿಯೂ ಓಡಿಹೋದಳು. ವ್ಯಾನು ತಿರುವು ದಾಟುವವರೆಗೂ ಕೈ ಬೀಸಿದೆ. ಒಳಗೆ ಬಂದು ಸೋಫಾದ ಮೇಲೆ ಕೂತೆ. ನಾಳೆ ಭಾನುವಾರ.

ಅದೇ ದಿನ, ಸಂಜೆ

ಪೆಟ್ಟಿಗೆ ತೆರೆದೆ. ಸಂಚಿಕೆಗಳೆಲ್ಲ ಇವೆ. ಅವುಗಳ ಮೇಲೆ, ಟವೆಲ್ಲಿನಲ್ಲಿ ಸುತ್ತಿದ ನನ್ನ ಡಿಕ್ಷನರಿ! ಒಂದು ಪುಟ ಮಡಿಚಿಲ್ಲ, ಒಂದು ಕಲೆ ಇಲ್ಲ. ಎಲ್ಲೂ ಅವಳ ಮೊಹರು ಒತ್ತಿಲ್ಲ. ನನ್ನದು ಅಂತಲೇ ಇಷ್ಟು ದಿನ ಕಾಪಾಡಿ ವಾಪಸು ಮಾಡಿದ್ದಾಳೆ, ಪೆದ್ದುಮುಂಡೇದು.

“ಇದನ್ನ ಬಿಟ್ಟು ಹೋಗಿ ಅಲ್ಲಿ ಏನು ಓದ್ತಾಳಂತೆ?” ಎಂದು ಕೂಗಿದೆ. ಇವರು ಓಡಿಬಂದರು.

“ಪೋಸ್ಟಲ್ಲಿ ಕಳಿಸಿದ್ರಾಯ್ತು ವಿಜೂ.”

“ನನ್ನ ಡಿಕ್ಷನರೀನಾ? ಪೋಸ್ಟಲ್ಲಾ?”

ಇವರು ಕಾರಿನ ಟಯರಿಗೆ ಗಾಳಿ ನೋಡಲು ಹೋದರು. ನಾಳೆ ಬೆಳಿಗ್ಗೆ ಹೊರಡುವುದು.

ಮೊದಲ ಪುಟ ತೆರೆದು, ‘ಈ ಪುಸ್ತಕ ವಿಜಯಶ್ರೀಯದು’ ಎಂಬುದರ ಕೆಳಗೆ ‘ಫಲಕ್‌ಳದು’ ಎಂದು ಬರೆದೆ. ನನ್ನ ಹೆಸರು ಹೊಡೆದುಹಾಕಲಿಲ್ಲ, ಹಾಗೆ ಮಾಡುವ ಪದ್ಧತಿಯಿಲ್ಲ. ಕೈ ಸೇದಿಹೋಗುವ ಸಾಲೂ ಇರಲಿ, ಅವಳಿಗೆ ಅದು ಇಷ್ಟ. ಸಂಚಿಕೆಗಳನ್ನು ಕಪಾಟಿನಲ್ಲಿ ಕೆಳಗಿನ ಸಾಲಿನಲ್ಲಿಟ್ಟಿದ್ದೇನೆ, ರಜಕ್ಕೆ ಬಂದಾಗ ಅವಳ ಕೈಗೆ ಸಿಗುವ ಹಾಗೆ.

ದಾರಿಯಲ್ಲಿ ಶಾರ್ಲಟ್ ಸಿಗುತ್ತದೆ. ಸುಮಿಯೆ ಅವರಿಗೆ ಫೋನ್ ಮಾಡಿದ್ದಾಯಿತು. ಊಟಕ್ಕೆ ಇರುತ್ತೀರಾ ಎಂದು ಕೇಳಿದರು. ಹೂಂ, ಇರುತ್ತೇವೆ ಎಂದೆ.